ಮೀನಿಗೆ ನಾವು ಹೇಗೆ ಕಾಣುತ್ತೇವೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಅಮೆರಿಕದಿಂದ ಬಂದವನು ಎಂದು ಸಮಿತಿಯವರು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ‘ನಿಮ್ಮ ಸಾಧನೆಯ ಬಗ್ಗೆ ಹೇಳಿ, ಮಕ್ಕಳಿಗೆ ಸ್ಫೂರ್ತಿಯಾಗಲಿ’ ಎಂದರು. ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸುವುದರಲ್ಲಿ ಹೇಳಿಕೊಳ್ಳುವಂಥ ಸಾಧನೆ ಏನೂ ಇಲ್ಲ. ಅದರ ಬದಲು ಅಲ್ಲಿ ನಾನು ಮೀನು ಹಿಡಿಯುವುದರ ಬಗ್ಗೆ ಹೇಳುತ್ತೇನೆ. ನಗಬೇಡಿ. ಈ ಶಾಲೆಯಲ್ಲಿ ನನ್ನದೊಂದು ಸಾಲ ಬಾಕಿ ಇದೆ. ಅದು ಮೀನಿನ ಲೆಕ್ಕದಲ್ಲೇ ತೀರಬೇಕು.

ನಾನಿರುವುದು ಪೆನ್ಸಿಲ್ವೇನಿಯಾ ರಾಜ್ಯದ ನಡುಭಾಗದಲ್ಲಿ. ಅಲ್ಲಿ ಅಪಲೇಚಿಯನ್ ಎಂಬ ಬಹಳ ಹಳೆಯ ಬೆಟ್ಟಸಾಲು ಇದೆ. ಬೆಟ್ಟದ ಒಂದೊಂದು ಮಡಿಕೆಯಲ್ಲೂ ಒಂದೊಂದು ಹಳ್ಳ. ಅಲ್ಲಿಯವರು ‘ಕ್ರೀಕ್’ ಎನ್ನುತ್ತಾರೆ, ಇನ್ನೂ ಸಣ್ಣದಾದರೆ ‘ರನ್’ ಎನ್ನುತ್ತಾರೆ. ಎಷ್ಟೋ ಕಡೆ ಒಂದೇ ನೆಗೆತಕ್ಕೆ ದಾಟಬಹುದು. ಆ ಹಳ್ಳಗಳ ಮೂಲ ನಿವಾಸಿ ಬ್ರೂಕ್ ಟ್ರೌಟ್ ಎಂಬ ಮೀನು. ಅದು ಪೆನ್ಸಿಲ್ವೇನಿಯಾದ ರಾಜ್ಯಮೀನು. ಬೆನ್ನಿನ ಮೇಲೆ ಹುಳು ಹರಿದಂಥ ಗೆರೆಗಳು, ಪಕ್ಕದಲ್ಲಿ ನೀಲಿ ಬಳೆ ತೊಟ್ಟ ಕೆಂಪು ಚುಕ್ಕೆಗಳು, ಹೊಟ್ಟೆಯ ಕೆಳಗಿನ ರೆಕ್ಕೆಗಳ ಅಂಚಿಗೆ ಸುಣ್ಣದ ಗೆರೆ ಎಳೆದಂಥ ಬಿಳುಪು. ಸಣ್ಣ ಹಳ್ಳಗಳಲ್ಲಿ ಆರು ಏಳು ಇಂಚಿನದು ಸಿಗುವುದೇ ಹೆಚ್ಚು. ಹತ್ತು ಇಂಚಿನದು ಸಿಕ್ಕಿದರೆ ವಾರಗಟ್ಟಲೆ ಹೇಳಿಕೊಳ್ಳುತ್ತಾರೆ. ನಮ್ಮೂರಿನವರು ನೋಡಿದರೆ ‘ಇದಕ್ಕೆ ಮಸಾಲೆ ಅರೆಯುವುದೂ ದಂಡ’ ಎಂದಾರು.

ಈ ಮೀನಿಗೆ ತಣ್ಣೀರು ಬೇಕೇ ಬೇಕು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಉಸಿರು ಕಟ್ಟಲು ಶುರು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಎಂದು ಇದೇ ಕೋಣೆಯಲ್ಲಿ ಕಲಿತೆವಲ್ಲ, ಅದೇ ಕಾರಣ. ಅದಕ್ಕೇ ಟ್ರೌಟ್ ಜಾತಿಯ ಮೀನು ನಮ್ಮ ಹಳ್ಳದಲ್ಲಿಲ್ಲ. ನಮ್ಮ ನೆರೆಯ ನೀಲಗಿರಿಯ ಎತ್ತರದಲ್ಲಿ ಟ್ರೌಟ್ ಇದೆ, ಆದರೆ ಅದು ಬ್ರಿಟಿಷರು ತಂದು ಬಿಟ್ಟದ್ದು.

ಇದನ್ನು ಹಿಡಿಯಲು ಒಳ್ಳೆಯ ಕಾಲ ಅಲ್ಲಿಯ ಬೇಸಿಗೆಯ ಆರಂಭ, ಅಂದರೆ ಮೇ ಕೊನೆಯಿಂದ ಜೂನ್. ನಮ್ಮಲ್ಲಿ ಮುಂಗಾರಿಗೆ ಕಾಯುವ ಹೊತ್ತಿನಲ್ಲಿ ಅಲ್ಲಿ ಕಾಡು ಹೊಸ ಎಲೆಯಲ್ಲಿ ತುಂಬಿರುತ್ತದೆ. ದಡದಲ್ಲಿ ಮೌಂಟನ್ ಲಾರೆಲ್ ಎಂಬ ಪೊದೆ ತಿಳಿಗುಲಾಬಿ ಹೂ ಬಿಡುತ್ತದೆ. ವಸಂತದ ಕೆಂಪು ನೀರು ಇಳಿದು ಹಳ್ಳ ತಿಳಿಯಾಗಿರುತ್ತದೆ. ತಿಳಿ ನೀರು ನೋಡಲು ಚೆಂದ, ಹಿಡಿಯುವವನಿಗೆ ಕಷ್ಟ. ನಮಗೆ ಮೀನು ಕಾಣುವ ಮೊದಲೇ ಮೀನಿಗೆ ನಾವು ಕಂಡಿರುತ್ತೇವೆ.

ಅಲ್ಲಿ ಹಿಡಿಯುವ ಕ್ರಮಕ್ಕೆ ಫ್ಲೈ ಫಿಶಿಂಗ್ ಎಂದು ಹೆಸರು. ಎರೆಹುಳು ಇಲ್ಲ, ಹಿಟ್ಟಿನ ಉಂಡೆ ಇಲ್ಲ. ಸಣ್ಣ ಗಾಳಕ್ಕೆ ದಾರ, ತುಪ್ಪಳ, ಹಕ್ಕಿಯ ಗರಿ ಸುತ್ತಿ ನೊಣದಂಥ ಒಂದು ಆಕೃತಿ ಮಾಡುತ್ತಾರೆ. ಅದೇ ‘ಫ್ಲೈ’. ಅದಕ್ಕೆ ತೂಕವೇ ಇಲ್ಲ, ಎಸೆದರೆ ಮೂಗಿನ ಮುಂದೆಯೇ ಬೀಳುತ್ತದೆ. ಆದ್ದರಿಂದ ತೂಕವನ್ನು ದಾರದಲ್ಲಿ ಇಟ್ಟಿದ್ದಾರೆ. ಏಳು ಅಡಿಯ ಬಳುಕುವ ಕೋಲಿನಿಂದ ಆ ದಪ್ಪ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿದರೆ, ಅದರ ತುದಿಯ ಕೂದಲಿನಂಥ ಎಳೆಯ ಜೊತೆ ಆ ನೊಣ ಹೋಗಿ ಮೆಲ್ಲಗೆ ನೀರಿನ ಮೇಲೆ ಇಳಿಯುತ್ತದೆ. ಇಳಿಯಬೇಕು. ಮೊದಲ ಮೂರು ಶನಿವಾರ ನನ್ನದು ಮರದ ಕೊಂಬೆಯಲ್ಲೇ ಇಳಿಯಿತು.

ನನಗೆ ಕಲಿಸಿದವರು ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ನಾಲ್ಕನೆಯ ಶನಿವಾರ ಅವರು ಕೋಲು ಮುಟ್ಟಲು ಬಿಡಲಿಲ್ಲ. ‘ಮೊದಲು ನೀರಿನಿಂದ ಒಂದು ಕಲ್ಲು ಎತ್ತಿ ತಿರುಗಿಸಿ ನೋಡು’ ಎಂದರು. ಕಲ್ಲಿನ ಅಡಿಯಲ್ಲಿ ಚಪ್ಪಟೆ ಮೈಯ, ಬಾಲದಲ್ಲಿ ಮೂರು ಕೂದಲಿನ ಮರಿಹುಳುಗಳು ಹರಿದಾಡುತ್ತಿದ್ದವು. ಅವು ಮೇಫ್ಲೈ ಎಂಬ ಕೀಟದ ಮರಿಗಳು. ಹೆಚ್ಚಿನ ಜಾತಿಗಳು ಸುಮಾರು ಒಂದು ವರ್ಷ ಹೀಗೆ ಕಲ್ಲಿನಡಿ ಬಾಳಿ, ಬೇಸಿಗೆಯ ಮೊದಲ ಸಂಜೆಗಳಲ್ಲಿ ಮೇಲೆದ್ದು, ನೀರಿನ ಮೇಲೆಯೇ ಚರ್ಮ ಕಳಚಿ, ರೆಕ್ಕೆ ಒಣಗಿಸಿಕೊಂಡು ಹಾರುತ್ತವೆ. ರೆಕ್ಕೆ ಬಂದ ಮೇಲೆ ಅವಕ್ಕೆ ಊಟ ಮಾಡುವ ಬಾಯಿಯೇ ಇರುವುದಿಲ್ಲ. ಒಂದೆರಡು ದಿನದಲ್ಲಿ ಕೂಡಿ, ಮೊಟ್ಟೆಯಿಟ್ಟು, ನೀರಿನ ಮೇಲೆ ಬಿದ್ದು ಸಾಯುತ್ತವೆ. ಮೀನಿಗೆ ಆಗ ಹಬ್ಬ. ಇನ್ನೊಂದು ಕಲ್ಲಿಗೆ ಮರಳು ಕಡ್ಡಿ ಅಂಟಿಸಿ ಮನೆ ಕಟ್ಟಿಕೊಂಡ ಹುಳುಗಳಿದ್ದವು, ಅವು ಕ್ಯಾಡಿಸ್. ‘ಈ ವಾರ ಯಾವುದು ಹಾರುತ್ತಿದೆಯೋ ಅದರ ಬಣ್ಣ, ಅದರ ಅಳತೆ ನಿನ್ನ ಗಾಳಕ್ಕಿರಬೇಕು. ಮೀನು ಹಿಡಿಯುವುದು ಆಮೇಲೆ’ ಎಂದರು.

ಜೂನ್ ಬಂತೆಂದರೆ ದಡದ ಇರುವೆ, ಜೀರುಂಡೆ, ಎಲೆಯಿಂದ ನೂಲು ಬಿಟ್ಟು ಇಳಿಯುವ ಹಸಿರು ಹುಳು ಎಲ್ಲವೂ ನೀರಿಗೆ ಬೀಳುತ್ತವೆ. ಇದನ್ನು ಗಮನವಿಟ್ಟು ನೋಡಿದವರು ಅದೇ ರಾಜ್ಯದ ವಿನ್ಸೆಂಟ್ ಮರಿನಾರೋ ಮತ್ತು ಚಾರ್ಲ್ಸ್ ಫಾಕ್ಸ್ ಎಂಬ ಇಬ್ಬರು ಗೆಳೆಯರು. ಕಾರ್ಲೈಲ್ ಊರಿನ ಲೆಟಾರ್ಟ್ ಎಂಬ ತೊರೆಯ ದಡದಲ್ಲಿ ಹೊಟ್ಟೆಯ ಮೇಲೆ ಮಲಗಿ, ನೀರಿನ ಮೇಲೆ ಏನೂ ಕಾಣದಿದ್ದರೂ ಮೀನು ಏನು ತಿನ್ನುತ್ತಿದೆ ಎಂದು ಹುಡುಕಿದರು. ತಿನ್ನುತ್ತಿದ್ದದ್ದು ಇರುವೆ ಮತ್ತು ಜಿಗಿಹುಳುವಿನಂಥ ಅತಿಸಣ್ಣ ಕೀಟಗಳನ್ನು. ನಮ್ಮ ಗದ್ದೆಗೆ ಬೀಳುತ್ತದಲ್ಲ, ಅದೇ ಬಳಗದ ಜಿಗಿಹುಳು. ಮರಿನಾರೋ ಈ ನೋಟಗಳನ್ನೆಲ್ಲ ಸೇರಿಸಿ 1950ರಲ್ಲಿ ಒಂದು ಪುಸ್ತಕ ಬರೆದರು. ಜಿಗಿಹುಳುವಿನ ಹಾಗೆ ಕಾಣುವ ಒಂದು ಫ್ಲೈ ಕೂಡ ಮಾಡಿದರು.

ಈಗ ಊರಿನವರು ಕೇಳಬೇಕಾದ ಮಾತು. ಆ ಜಿಗಿಹುಳುವಿನ ಬೆನ್ನಿಗೆ ಅವರು ಇಟ್ಟದ್ದು ನಮ್ಮ ಕಾಡುಕೋಳಿಯ ಗರಿ. ದಕ್ಷಿಣ ಭಾರತದ ಕಾಡುಗಳಲ್ಲಿರುವ ಬೂದು ಕಾಡುಕೋಳಿಯ ಹುಂಜಕ್ಕೆ ಕುತ್ತಿಗೆಯ ಗರಿಗಳಲ್ಲಿ ಮೇಣ ಬಳಿದಂಥ ಹಳದಿ ಬಿಳಿ ಚುಕ್ಕೆಗಳಿರುತ್ತವೆ. ಆ ಗರಿಗಾಗಿ ಬಹಳ ಕಾಲ ಹಕ್ಕಿಯ ಚರ್ಮ ಹಡಗು ಹತ್ತಿ ಹೋಗುತ್ತಿತ್ತು. ಈಗ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಅಲ್ಲಿ ಸಾಕಿದ ಹಕ್ಕಿಗಳ ಗರಿಯನ್ನೋ ಬದಲಿ ವಸ್ತುವನ್ನೋ ಬಳಸುತ್ತಾರೆ. ಬೆಳಗಿನ ಜಾವ ನಮ್ಮ ತೋಟದ ಅಂಚಿನಲ್ಲಿ ಕೂಗುವ ಹಕ್ಕಿಯ ಗರಿಯನ್ನು ಹನ್ನೆರಡು ಸಾವಿರ ಕಿಲೋಮೀಟರಿಗೂ ದೂರದ ಒಂದು ಅಂಗಡಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ನೋಡಿದಾಗ ನನಗೆ ಏನೆನ್ನಿಸಿತೆಂದು ಹೇಳಲಾರೆ.

ಆ ದಿನ ಕಲ್ಲು ನೋಡಿದ ಮೇಲೆ ಹಿರಿಯರು ಎರಡನೆಯ ಪಾಠ ಹೇಳಿದರು. ‘ಮೀನು ಹರಿವಿಗೆ ಎದುರು ಮುಖ ಮಾಡಿ ನಿಲ್ಲುತ್ತದೆ, ಊಟ ಬರುವುದು ಆ ಕಡೆಯಿಂದ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಹೋಗು. ನೆರಳು ಬೀಳಿಸಬೇಡ. ಗುಂಡಿ ಹತ್ತಿರ ಬಂದಾಗ ಮಂಡಿಯೂರು.’

ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಏಕೆಂದರೆ ಈ ಪಾಠ ನನಗೆ ಮೊದಲೇ ಆಗಿತ್ತು. ಹೇಳಿಕೊಟ್ಟವನು ನನ್ನ ಬೆಂಚಿನ ಗೆಳೆಯ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಕಾಲುಸಂಕದ ಕೆಳಗೆ ಬಿದಿರು ಕೋಲು ಹಿಡಿದು ಪಕ್ಕೆ ಮೀನಿಗೆ ಹೋಗುತ್ತಿದ್ದೆವು. ‘ಬಗ್ಗೋ, ನಿನ್ನ ತಲೆ ಕಾಣ್ತದೆ’ ಎಂದು ನನ್ನ ಅಂಗಿ ಹಿಡಿದು ಎಳೆಯುತ್ತಿದ್ದ. ಅವನು ತೆವಳಿಕೊಂಡೇ ಗುಂಡಿ ಸೇರುತ್ತಿದ್ದ.

ಹತ್ತನೆಯ ತರಗತಿಯಲ್ಲಿ ಬೆಳಕಿನ ವಕ್ರೀಭವನದ ಪಾಠ. ಮೇಷ್ಟ್ರು ಪಾತ್ರೆಯಲ್ಲಿ ನಾಣ್ಯ ಇಟ್ಟು ನೀರು ಸುರಿದರು. ಕಾಣದಿದ್ದ ನಾಣ್ಯ ಮೇಲೆ ಬಂದಂತೆ ಕಂಡಿತು. ನನ್ನ ಗೆಳೆಯ ಎದ್ದು ನಿಂತು ಕೇಳಿದ: ‘ಸಾರ್, ನೀರಿನೊಳಗಿನ ಕಾಸು ನಮಗೆ ಹೀಗೆ ಕಾಣ್ತದೆ. ಹಾಗಾದ್ರೆ ನೀರಿನೊಳಗಿನ ಮೀನಿಗೆ ನಾವು ಹೇಗೆ ಕಾಣ್ತೀವಿ? ನಿಂತರೆ ಓಡ್ತದೆ, ಮಲಗಿದರೆ ಓಡಲ್ಲ, ಯಾಕೆ?’

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: ‘ಮೀನನ್ನೇ ಕೇಳೋ.’ ಇಡೀ ತರಗತಿ ನಕ್ಕಿತು. ಗಂಟೆ ಹೊಡೆಯಿತು. ಅವನು ಕುಳಿತ. ಆ ವರ್ಷ ಅವನು ಇನ್ನೊಂದು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ನಾನು ಪಾಸಾದೆ, ಅವನು ಆಗಲಿಲ್ಲ. ನನ್ನ ಆ ಒಂದು ಮಾತಿನಿಂದಲೇ ಹಾಗಾಯಿತು ಎನ್ನುವುದಿಲ್ಲ, ಅವರ ಮನೆಯಲ್ಲಿ ಬೇರೆ ಕಷ್ಟಗಳಿದ್ದವು. ಆದರೆ ನಕ್ಕಿದ್ದು ನಿಜ. ನಗಿಸಿದವನು ನಾನು.

ಅವನ ಪ್ರಶ್ನೆಗೆ ಉತ್ತರವನ್ನು ನಾನು ಓದಿದ್ದು ಮೂವತ್ತು ವರ್ಷದ ನಂತರ, ಟ್ರೌಟ್ ಹಿಡಿಯುವ ಪುಸ್ತಕದಲ್ಲಿ. ಅದನ್ನು ಇವತ್ತು, ಇದೇ ಶಾಲೆಯಲ್ಲಿ ಅವನಿಗೆ ಹೇಳುತ್ತೇನೆ. ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. ಅದರಾಚೆ ನೀರಿನ ಮೇಲ್ಮೈ ಕನ್ನಡಿಯಾಗುತ್ತದೆ, ತಳದ ಕಲ್ಲುಗಳೇ ಅದರಲ್ಲಿ ಪ್ರತಿಫಲಿಸುತ್ತವೆ. ಬೆಳಕು ಬಾಗುವುದರಿಂದ ನಾವು ಇರುವುದಕ್ಕಿಂತ ಮೇಲೆ ಇದ್ದಂತೆ ಮೀನಿಗೆ ಕಾಣುತ್ತೇವೆ, ನಾಣ್ಯ ನಮಗೆ ಕಂಡ ಹಾಗೆಯೇ. ದಡದಲ್ಲಿ ನೆಟ್ಟಗೆ ನಿಂತವನು ಕಿಟಕಿಯೊಳಗೆ ಬಂದುಬಿಡುತ್ತಾನೆ. ಮಲಗಿದವನು ಕಿಟಕಿಯ ಅಂಚಿನಲ್ಲಿ ಅದುಮಿ ಹೋಗಿ, ಮಸುಕಾಗಿ, ಕಾಣದಂತಾಗುತ್ತಾನೆ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಮಲಗಿದ್ದೂ ಸರಿಯಾದ ಉತ್ತರವೇ.

ಆ ದಿನ ನಾನು ತೆವಳಿದೆ. ಸಂಜೆ ಬೆಳಕಿನಲ್ಲಿ, ಬಂಡೆಯ ಹಿಂದಿನ ಗುಂಡಿಯಲ್ಲಿ, ನನ್ನ ನೊಣ ನೀರಿನ ವೇಗದಲ್ಲೇ ಎರಡು ಮಾರು ತೇಲಿತು. ‘ಟಪ್’ ಎಂದು ಸದ್ದು. ಏಳು ಇಂಚಿನ ಮೀನು. ಅದರ ಗಾಳಕ್ಕೆ ಮುಳ್ಳು ಇರುವುದಿಲ್ಲ. ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಬಿಡಿಸಿ, ಬಿಟ್ಟೆವು. ತಿನ್ನಬಾರದೆಂದಲ್ಲ, ನಿಯಮದ ಮಿತಿಯಲ್ಲಿ ಒಯ್ಯಬಹುದು. ಆದರೆ ಅಷ್ಟು ಸಣ್ಣ ಹಳ್ಳದಲ್ಲಿ ಎಲ್ಲರೂ ಒಯ್ದರೆ ಮೀನು ಉಳಿಯುವುದಿಲ್ಲ. ಹಿರಿಯರ ಜೇಬಿನಲ್ಲಿ ಒಂದು ಥರ್ಮಾಮೀಟರ್ ಇರುತ್ತದೆ. ನೀರು 20 ಡಿಗ್ರಿ ತೋರಿಸಿದ ದಿನ ಕೋಲು ಮಡಚಿ ಮನೆಗೆ ಹೋಗುತ್ತಾರೆ. ಬಿಸಿ ನೀರಿನಲ್ಲಿ ದಣಿದ ಮೀನು ಬಿಟ್ಟರೂ ಬದುಕುವುದಿಲ್ಲ.

ಅಲ್ಲಿಯವರು ಇದನ್ನು ಕಲಿತದ್ದು ಕಳೆದುಕೊಂಡ ಮೇಲೆ. ನೂರು ನೂರೈವತ್ತು ವರ್ಷದ ಹಿಂದೆ ಆ ಬೆಟ್ಟಗಳನ್ನು ಬೋಳಿಸಿದರು. ಹಳ್ಳಕ್ಕೆ ನೆರಳಾಗಿದ್ದ ಹೆಮ್ಲಾಕ್ ಮರದ ತೊಗಟೆ ಸುಲಿದು ಚರ್ಮ ಹದ ಮಾಡಿದರು. ಗಣಿಯ ಆಮ್ಲ ಹಳ್ಳಗಳಿಗೆ ಇಳಿಯಿತು. ನೀರು ಬಿಸಿಯಾಯಿತು, ಟ್ರೌಟ್ ಬೆಟ್ಟದ ತುದಿಯ ತೊರೆಗಳಲ್ಲಷ್ಟೇ ಉಳಿಯಿತು. ಕಾಡು ಮತ್ತೆ ಬೆಳೆದಿದೆ. ಈಗ ಏಷ್ಯಾದಿಂದ ಬಂದ, ಉಣ್ಣೆಯಂಥ ಹೊದಿಕೆಯ ಒಂದು ಪುಟ್ಟ ಕೀಟ ಹೆಮ್ಲಾಕನ್ನು ಒಣಗಿಸುತ್ತಿದೆ. ಮರ ಹೋದರೆ ನೆರಳು, ನೆರಳು ಹೋದರೆ ತಂಪು, ತಂಪು ಹೋದರೆ ಮೀನು.

ನಮ್ಮ ಹಳ್ಳದ ಕಥೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮೊನ್ನೆ ಕಾಲುಸಂಕದ ಕೆಳಗೆ ಹೋಗಿದ್ದೆ. ಬ್ಲೀಚಿಂಗ್ ಪುಡಿಯ ಖಾಲಿ ಚೀಲ ಬಿದ್ದಿತ್ತು. ಒಂದು ಸಂಜೆಯ ಸಾರಿಗಾಗಿ ಗುಂಡಿಗೆ ಗುಂಡಿಯನ್ನೇ ಕೊಲ್ಲುವುದು ಮೀನು ಹಿಡಿಯುವುದಲ್ಲ.

ಸಮಿತಿಯವರಲ್ಲಿ ಒಂದು ವಿನಂತಿ. ಸ್ಮಾರ್ಟ್ ಕ್ಲಾಸಿಗೆ ನನ್ನ ಪಾಲು ಕೊಟ್ಟಿದ್ದೇನೆ. ಅದರ ಜೊತೆಗೆ ಹತ್ತು ಭೂತಗನ್ನಡಿ, ಎರಡು ಬಿಳಿ ತಟ್ಟೆ, ಒಂದು ಥರ್ಮಾಮೀಟರ್ ತಂದಿದ್ದೇನೆ. ವರ್ಷಕ್ಕೆ ಒಂದು ಶನಿವಾರ, ಮಳೆ ಬಿಟ್ಟು ನೀರು ತಿಳಿಯಾದ ಮೇಲೆ, ಎಂಟನೆಯ ತರಗತಿಯ ಮಕ್ಕಳು ಹಳ್ಳಕ್ಕೆ ಹೋಗಿ ಕಲ್ಲು ಎತ್ತಿ ನೋಡಲಿ, ನೋಡಿ ಅಲ್ಲೇ ಇಡಲಿ. ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಐವತ್ತು ವರ್ಷದ ನಂತರ ಇನ್ನೊಂದು ಮಹೋತ್ಸವದಲ್ಲಿ ಅದು ಉಪಯೋಗಕ್ಕೆ ಬಂದೀತು.

ಮಕ್ಕಳನ್ನು ಕರೆದುಕೊಂಡು ಹೋಗುವವರು ಯಾರು? ಆ ಹಳ್ಳದ ಒಂದೊಂದು ಗುಂಡಿಯನ್ನೂ ಬಲ್ಲ ಒಬ್ಬನಿದ್ದಾನೆ. ಈಗ ತೋಟಗಳಲ್ಲಿ ಅಡಿಕೆ ಕೊನೆ ಕೊಯ್ಯುತ್ತಾನೆ. ಈ ಸಭೆಯಲ್ಲೇ, ಹಿಂದೆ ಕಂಬಕ್ಕೆ ಒರಗಿ ನಿಂತಿದ್ದಾನೆ. ಹೆಸರು ಹೇಳಿದರೆ ಎದ್ದು ಹೋಗುತ್ತಾನೆ, ಅದಕ್ಕೆ ಹೇಳುವುದಿಲ್ಲ. ಆ ದಿನದ ಅವನ ಕೂಲಿಯನ್ನು ಹಳೆಯ ವಿದ್ಯಾರ್ಥಿ ಸಂಘ ಕೊಡಲಿ, ಮೇಷ್ಟ್ರುಗಳಿಗೆ ಕೊಡುವ ಮರ್ಯಾದೆಯನ್ನು ಮಕ್ಕಳು ಕೊಡಲಿ. ಅವನನ್ನು ನಾನು ಇನ್ನೂ ಕೇಳಿಲ್ಲ. ಈ ಮೈಕಿನಲ್ಲೇ ಕೇಳುತ್ತಿದ್ದೇನೆ.

ಅಂದು ನಕ್ಕಿದ್ದಕ್ಕೆ ಕ್ಷಮಿಸು ಮಾರಾಯ. ಬರುತ್ತೀಯಾ?