ರಕ್ತ ಕೊಟ್ಟವರೇ, ಇದನ್ನೂ ಕೇಳಿ!

(ರಾಜ್ಯೋತ್ಸವದ ರಕ್ತದಾನ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಇಂದು ನೀವು ರಕ್ತ ಕೊಟ್ಟಿದ್ದೀರಿ. ಕೊಟ್ಟಷ್ಟು ರಕ್ತಕಣಗಳನ್ನು ಕೆಲವೇ ವಾರಗಳಲ್ಲಿ ದೇಹ ಮತ್ತೆ ತುಂಬಿಕೊಳ್ಳುತ್ತದೆ. ಎಲ್ಲಿಂದ? ಮೂಳೆಯೊಳಗಿನ ಮಜ್ಜೆಯಿಂದ. ಅಲ್ಲಿ ನೆಲೆಸಿರುವ ಆಕರಕೋಶಗಳೇ, ಅಂದರೆ ಸ್ಟೆಮ್ ಸೆಲ್‌ಗಳೇ, ಕೆಂಪುಕಣ, ಬಿಳಿಕಣ ಎಲ್ಲಕ್ಕೂ ತಾಯಿಬೇರು.

ಆದರೆ ಬೀಜ ಎಷ್ಟೇ ಒಳ್ಳೆಯದಾಗಿದ್ದರೂ ನೆಲ ಬೇಡವೆ? 1978ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರೇ ಸ್ಕೋಫೀಲ್ಡ್ ಹೇಳಿದ್ದು ಇದನ್ನೇ: ಆಕರಕೋಶ ತನ್ನ ಗುಣ ಉಳಿಸಿಕೊಳ್ಳುವುದು ತನ್ನ ನೆಲೆಯಲ್ಲಿದ್ದಾಗ. ಸುಮ್ಮನಿರಬೇಕೆ, ಬೆಳೆಯಬೇಕೆ ಎಂದು ನೆರೆಯ ಕೋಶಗಳು ಅದಕ್ಕೆ ರಾಸಾಯನಿಕ ಸಂದೇಶ ಕಳಿಸುತ್ತಿರುತ್ತವೆ. ಸಿಎಕ್ಸ್‌ಸಿಎಲ್-12 ಎಂಬ ಸಂದೇಶವಂತೂ ಅದನ್ನು ಮಜ್ಜೆಗೆ ಸೆಳೆದು ಹಿಡಿದಿಡುತ್ತದೆ. ಆದ್ದರಿಂದಲೇ ದಾನಿಯ ಆಕರಕೋಶಗಳನ್ನು ರೋಗಿಯ ನರಕ್ಕೆ ರಕ್ತದಂತೆ ಏರಿಸಿದರೆ ಸಾಕು, ಅವು ಮೂಳೆಯ ದಾರಿಯನ್ನು ತಾವೇ ಹಿಡಿಯುತ್ತವೆ!

ಆದರೆ ದೇಹಕ್ಕೆ ಕಾವಲು ಉಂಟು. ರೋಗನಿರೋಧಕ ಕೋಶಗಳು ಇತರ ಕೋಶಗಳ ಮೇಲಿನ ಎಚ್‌ಎಲ್‌ಎ ಗುರುತನ್ನು ನೋಡುತ್ತವೆ. ಗುರುತು ಹೊಂದದಿದ್ದರೆ ರೋಗಿಯ ದೇಹ ಹೊಸ ಕೋಶಗಳನ್ನು ತಳ್ಳಿಹಾಕಬಹುದು. ಇಲ್ಲವೇ ದಾನಿಯ ಬಿಳಿಕಣಗಳೇ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ಬೀಳಬಹುದು. ಅದೇ ಬಿಳಿಕಣಗಳು ಅಳಿದುಳಿದ ರಕ್ತಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತವೆ. ಕತ್ತಿಗೆ ಎರಡೂ ಕಡೆ ಅಲಗು! ಈ ಕತ್ತಿಯನ್ನು ಪಳಗಿಸಿ ಮಜ್ಜೆಯ ಕಸಿಯನ್ನು ಚಿಕಿತ್ಸೆಯಾಗಿ ಮಾಡಿದ ಅಮೆರಿಕದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು.

ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಉಳಿದವರು ಯಾರ ಬಾಗಿಲು ತಟ್ಟಬೇಕು? ಎಚ್‌ಎಲ್‌ಎ ಗುರುತು ವಂಶದಲ್ಲಿ ಹರಿದು ಬರುವಂಥದು. ಹಾಗಾಗಿ ನಮ್ಮ ಊರಿನ ಮಗುವಿಗೆ ಹೊಂದುವವರು ಯೂರೋಪಿಗಿಂತ ನಮ್ಮವರಲ್ಲೇ ಸಿಗುವ ಸಂಭವ ಹೆಚ್ಚು. ಇದು ಅಭಿಮಾನದ ಮಾತಲ್ಲ, ಲೆಕ್ಕದ ಮಾತು. ಜಗತ್ತಿನಲ್ಲಿ 4 ಕೋಟಿಗೂ ಹೆಚ್ಚು ಮಂದಿ ಆಕರಕೋಶ ದಾನಿಗಳಾಗಿ ಹೆಸರು ಬರೆಸಿದ್ದಾರೆ. ಅದರಲ್ಲಿ ಭಾರತದ ಪಾಲು ತೀರ ಸಣ್ಣದು. ಇದು ನಮಗೆ ಒಪ್ಪುವ ಮಾತೆ?

ಹೆಸರು ಬರೆಸಲು ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿ ಕೊಟ್ಟರೆ ಸಾಕು. 18 ತುಂಬಿದ ಆರೋಗ್ಯವಂತರು ಕೊಡಬಹುದು. ಮುಂದೆ ಯಾರಿಗಾದರೂ ಹೊಂದಿಕೆಯಾದರೆ, ಸಾಮಾನ್ಯವಾಗಿ ಐದು ದಿನ ಇಂಜೆಕ್ಷನ್ ಕೊಡುತ್ತಾರೆ. ಅದು ಆಕರಕೋಶಗಳನ್ನು ನೆಲೆಯಿಂದ ಬಿಡಿಸಿ ರಕ್ತಕ್ಕೆ ತರುತ್ತದೆ. ಮೈಕೈ ನೋವು ಬರಬಹುದು, ಹೋಗುತ್ತದೆ. ಆಮೇಲೆ ಕೆಲವು ಗಂಟೆ ಯಂತ್ರದ ಪಕ್ಕ ಮಲಗುವುದು, ಅಷ್ಟೆ.

ಕೊನೆಗೊಂದು ಕಟುಮಾತು. ಹೊಸ ಕೋಶಗಳಿಗೆ ಜಾಗ ಮಾಡಲು ರೋಗಿಯ ಮಜ್ಜೆಯನ್ನು ಔಷಧಿಯಿಂದ ಮೊದಲೇ ಬರಿದು ಮಾಡಿರುತ್ತಾರೆ. ಆ ಹೊತ್ತಿನಲ್ಲಿ "ಮನೆಯಲ್ಲಿ ಬೇಡ ಅಂದರು" ಎಂದು ನೀವು ಹಿಂದೆ ಸರಿದರೆ ಆ ಜೀವಕ್ಕೆ ದಿಕ್ಕಿಲ್ಲ. ಆದ್ದರಿಂದ ಇವತ್ತೇ ಮನೆಗೆ ಹೋಗಿ ಅಪ್ಪ ಅಮ್ಮನ ಜೊತೆ ಮಾತಾಡಿ, ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ. ಬರೆಸಿದ ಮೇಲೆ ಮಾತಿಗೆ ತಪ್ಪಬೇಡಿ.