ಪ್ರಾಣಿಗಳ ಪಾನಗೋಷ್ಠಿ

ದ್ರಾಕ್ಷಾಮದ್ಯದ ಮರ್ಮವನ್ನು ಬಲ್ಲ ರಸಿಕರು ಅದನ್ನು ಬರಿದೆ ಕುಡಿಯುವುದಿಲ್ಲ. ಯಾವ ಪಾನಕ್ಕೆ ಯಾವ ಭಕ್ಷ್ಯವನ್ನು ನಂಜಿಕೊಳ್ಳಬೇಕೆಂಬುದಕ್ಕೆ ಅವರಲ್ಲಿ ಒಂದು ಶಾಸ್ತ್ರವೇ ಉಂಟು. ಮೀನಿಗೆ, ಕೋಳಿಗೆ ಬಿಳಿಯ ವೈನು. ಕುರಿಯ ಮಾಂಸಕ್ಕೆ ಕೆಂಪು ವೈನು. ಆದರೆ ಈ ಶಾಸ್ತ್ರಕಾರರೆಲ್ಲರೂ ಮನುಷ್ಯರು. ಹಣ್ಣಿನ ರುಚಿಯನ್ನು ಮನುಷ್ಯನಿಗಿಂತ ಬಹು ಮೊದಲೇ ಕಂಡುಕೊಂಡ ಪ್ರಾಣಿಗಳ ಅಭಿಪ್ರಾಯವನ್ನು ಅವರು ಕೇಳಿದಂತೆ ತೋರುವುದಿಲ್ಲ. ಈ ಅನ್ಯಾಯವನ್ನು ಇಂದು ಕೆಲವು ನಿಮಿಷಗಳ ಮಟ್ಟಿಗಾದರೂ ಸರಿಪಡಿಸಬೇಕೆಂಬುದು ನಮ್ಮ ಆಶಯ.

ಗೋಷ್ಠಿಗೆ ತಕ್ಕ ಸ್ಥಳ ನಮ್ಮ ಸಮೀಪದಲ್ಲಿಯೇ ಇದೆ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ನಂದಿಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಸ್ಥಾಪಿತವಾದ ಗ್ರೋವರ್ ಸಂಸ್ಥೆಯವರು ಫ್ರಾನ್ಸಿನ ತಳಿಗಳನ್ನು ನೆಟ್ಟು ವೈನು ತಯಾರಿಸತೊಡಗಿದರು. ಪಾನಕ್ಕೆ ಕೊರತೆಯಿಲ್ಲ, ಇನ್ನು ಅತಿಥಿಗಳನ್ನು ಕರೆಯೋಣ.

ಅಗ್ರಾಸನ ನರಿಗೆ ಸಲ್ಲಬೇಕು. ಬೆಂಗಳೂರು ಬ್ಲೂ ತಳಿಯ ಪೂರ್ವಿಕರಲ್ಲಿ ಒಂದು ಅಮೆರಿಕದ ಕಾಡುದ್ರಾಕ್ಷಿ. ಅದಕ್ಕೆ ಅಲ್ಲಿಯವರು ಇಟ್ಟ ಹೆಸರೇ 'ನರಿದ್ರಾಕ್ಷಿ'. ಅದರ ಗಾಢವಾದ ಪರಿಮಳವನ್ನು ಪಾಶ್ಚಾತ್ಯ ರಸಿಕರು 'ನರಿಯ ವಾಸನೆ' ಎಂದು ಮೂಗು ಮುರಿಯುವುದುಂಟು. ತನ್ನ ಹೆಸರಿನ ಹಣ್ಣನ್ನು ಎಟುಕದೆಂದು ಹುಳಿಯೆಂದ ಅಪವಾದವೂ ನರಿಯ ತಲೆಯ ಮೇಲೆಯೇ ಇದೆ. ಅದಕ್ಕೆ ನಂಜಿಕೊಳ್ಳಲು ಊರ ಕೋಳಿ ಯುಕ್ತವಾದುದು. ಬಿಳಿಯ ವೈನಿಗೆ ಕೋಳಿಯೆಂಬ ಶಾಸ್ತ್ರವೂ ಉಳಿಯುತ್ತದೆ, ಅಡಿಗೆಯವನ ಸಂಬಳವೂ ಉಳಿಯುತ್ತದೆ.

ಎರಡನೆಯ ಅತಿಥಿ ಹೊಸಕೋಟೆಯ ಕೆರೆಯ ಹೆಜ್ಜಾರ್ಲೆ. ನಂಜಿಕೊಳ್ಳಲು ಮೀನನ್ನು ತಾನೇ ಹಿಡಿದು ತರುತ್ತದೆ. ಕೊಕ್ಕಿನ ಕೆಳಗಿನ ಚೀಲದಲ್ಲಿ ಸೀಸೆಗಟ್ಟಲೆ ಪಾನವನ್ನು ತುಂಬಿಸಿಕೊಳ್ಳಬಲ್ಲ ಇಂಥ ಅತಿಥಿಗೆ ಬಟ್ಟಲು ಬೇಕಿಲ್ಲ. ಆಮೇಲೆ ನಂದಿಬೆಟ್ಟದ ಕೋತಿಗಳು. ಇವುಗಳಿಗೆ ಇಂಥ ಭಕ್ಷ್ಯವೆಂಬ ನಿಯಮವಿಲ್ಲ. ಯಾತ್ರಿಕನ ಕೈಚೀಲದಲ್ಲಿ ಏನಿದೆಯೋ ಅದೇ ನಂಜಿಕೆ. ಇವುಗಳ ವಂಶಕ್ಕೆ ಹಳೆಯ ಕೀರ್ತಿಯೂ ಉಂಟು. ಸೀತೆಯನ್ನು ಕಂಡುಬಂದ ಸಂಭ್ರಮದಲ್ಲಿ ವಾನರರು ಸುಗ್ರೀವನ ಮಧುವನಕ್ಕೆ ನುಗ್ಗಿ, ಮಧುವನ್ನು ಕುಡಿದು, ತಡೆಯಹೋದ ಕಾವಲುಗಾರ ದಧಿಮುಖನನ್ನೇ ಹೊಡೆದ ಕಥೆ ಸುಂದರಕಾಂಡದಲ್ಲಿದೆ.

ವಿನೋದ ಇಷ್ಟಾಯಿತು. ಪ್ರಾಣಿಗಳು ನಿಜವಾಗಿಯೂ ಕುಡಿಯುತ್ತವೆಯೆ? ಕುಡಿಯುತ್ತವೆ, ಆದರೆ ನಮ್ಮಂತೆ ಅಲ್ಲ. ಮಲೇಷಿಯದ ಒಂದು ಪುಟ್ಟ ಮರಮೂಗಿಲಿ ಹುಳಿತ ತಾಳೆಹೂವಿನ ರಸವನ್ನು ರಾತ್ರಿಯೆಲ್ಲ ಹೀರಿಯೂ ತೂರಾಡುವುದಿಲ್ಲವೆಂದು 2008ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಹಣ್ಣುತಿನ್ನುವ ಈಜಿಪ್ಟಿನ ಬಾವಲಿಯನ್ನು ಪರೀಕ್ಷಿಸಿದಾಗ, ಮದ್ಯಸಾರ ನೂರಕ್ಕೆ ಒಂದಂಶ ಮೀರಿದ ಆಹಾರವನ್ನು ಅದು ದೂರವಿಡುವುದು ಕಂಡುಬಂತು. ಕತ್ತಲಲ್ಲಿ ಹಾರುವವನಿಗೆ ಅಮಲು ಮೃತ್ಯುವೆಂಬುದನ್ನು ಅದು ಬಲ್ಲದು. ಮಾಗಿದ ಹಣ್ಣಿನ ಸಕ್ಕರೆಯೇ ಇವುಗಳಿಗೆ ಬೇಕಾದುದು. ಮದ್ಯಸಾರ ಕರೆಯದೆ ಬಂದ ನೆಂಟ.

ಇಲ್ಲಿ ನಮ್ಮ ಗಾದೆಯೊಂದನ್ನು ಲಕ್ಷ್ಯವಿಟ್ಟು ಕೇಳಬೇಕು. 'ಕೋತಿಗೆ ಹೆಂಡ ಕುಡಿಸಿದಂತೆ' ಎನ್ನುತ್ತೇವೆ. ಕೋತಿ ಹೆಂಡ ಕುಡಿದಂತೆ ಎನ್ನುವುದಿಲ್ಲ. ಕುಡಿಸಿದವರು ಯಾರು? ಗಾದೆ ಹೆಸರು ಹೇಳದು, ಆದರೆ ಕ್ರಿಯಾಪದವೇ ಸಾಕ್ಷಿ ನುಡಿಯುತ್ತದೆ. ಆಫ್ರಿಕದ ಗಿನಿ ದೇಶದಲ್ಲಿ ಚಿಂಪಾಂಜಿಗಳು ಎಲೆಯನ್ನು ಅಗಿದು ಮುದ್ದೆಮಾಡಿ, ಅದನ್ನು ಅದ್ದಿ ತಾಳೆಯ ಹೆಂಡವನ್ನು ಹೀರುವುದನ್ನು ಕುರಿತು 2015ರಲ್ಲಿ ವರದಿ ಬಂತು. ಆ ಮರಕ್ಕೆ ಪಾತ್ರೆ ಕಟ್ಟಿದವರೂ ಮನುಷ್ಯರೇ.

ಆದಕಾರಣ ನಮ್ಮ ಗೋಷ್ಠಿಯಲ್ಲಿ ಬಟ್ಟಲುಗಳು ಕಲ್ಪನೆಯಲ್ಲಿಯೇ ಇರಲಿ. ಮುಖ್ಯವಾಗಿ ನಾಯಿಗೆ ಆಹ್ವಾನವಿಲ್ಲ. ಮದ್ಯವಂತಿರಲಿ, ದ್ರಾಕ್ಷಿಯ ಹಣ್ಣು, ಒಣದ್ರಾಕ್ಷಿಗಳೇ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣಕ್ಕೆ ಎರವಾಗಬಲ್ಲುವು. ಔತಣದ ದಿನ ಮುದ್ದಿನಿಂದ ಪಾಯಸದ ಒಣದ್ರಾಕ್ಷಿಯನ್ನು ನಾಯಿಗೆ ಹಾಕುವವರು ಇದನ್ನು ನೆನೆಯಬೇಕು. ನಮಗೆ ನಂಜಿಕೊಳ್ಳುವ ವಸ್ತು ಅದಕ್ಕೆ ನಂಜೇ ಆಗುತ್ತದೆ.

ಕೊನೆಯ ಅತಿಥಿ, ಕರೆಯದೆಯೇ ಬರುವ ನಮ್ಮೂರ ಬಾವಲಿ. ತೋಟದ ಹಣ್ಣನ್ನು ಅದು ತಿನ್ನುವುದು ನಿಜ. ಸಾಲಮಾಡಿ ಬೆಳೆಯಿಟ್ಟ ರೈತನಿಗೆ ಅದು ನಗೆಯ ಮಾತಲ್ಲ. 1972ರ ವನ್ಯಜೀವಿ ಕಾನೂನು ಇದನ್ನು ಕಾಗೆ, ಇಲಿಗಳೊಡನೆ ಉಪದ್ರವಕಾರಿ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿತ್ತು. 2022ರ ತಿದ್ದುಪಡಿಯಿಂದ ಆ ಪಟ್ಟಿಯೇ ಹೋಯಿತು. ಹೋದುದು ಒಳ್ಳೆಯದಾಯಿತು. ತಿಂದ ಹಣ್ಣಿನ ಬೀಜವನ್ನು ದೂರದೂರಕ್ಕೆ ಬಿತ್ತಿ ಆಲ, ಅತ್ತಿಗಳನ್ನು ಬೆಳೆಸುವುದು ಈ 'ಕಳ್ಳ'ನೇ; ರಾತ್ರಿ ಅರಳುವ ಎಷ್ಟೋ ಹೂಗಳಿಗೆ ಪರಾಗವನ್ನು ಮುಟ್ಟಿಸುವುದೂ ಈತನೇ. ಜೋಲುಬಿಟ್ಟ ಬಲೆಯಲ್ಲಿ ರೆಕ್ಕೆ ಸಿಕ್ಕಿ ಅದು ಸಾಯುವುದುಂಟು. ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಹಣ್ಣೂ ಉಳಿಯುತ್ತದೆ, ಬಾವಲಿಯೂ ಉಳಿಯುತ್ತದೆ.

ಹಾಗಾದರೆ ಬಾವಲಿಯ ಪಾನಕ್ಕೆ ಒಪ್ಪುವ ಭಕ್ಷ್ಯ ಯಾವುದು? ಊರ ಹೊರಗೆ ಕೊಡಲಿ ತಾಗದೆ ನಿಂತ ಒಂದು ಅತ್ತಿಯ ಮರ. ಅದನ್ನು ಬಡಿಸುವುದಷ್ಟೇ ನಮ್ಮ ಕೆಲಸ. ಎಷ್ಟಕ್ಕೆ ನಿಲ್ಲಿಸಬೇಕೆಂಬುದನ್ನು ಅತಿಥಿ ನಮಗಿಂತ ಚೆನ್ನಾಗಿ ಬಲ್ಲದು.