2036ರಿಂದ ಬಂದವನನ್ನು ಏನು ಕೇಳಬೇಕು?

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಮೊದಲನೆಯ ಪಾಳಿ ಮುಗಿಸಿ ನೇರವಾಗಿ ಬಂದವರೂ, ಅಂಗಡಿಯನ್ನು ಮಗನ ಕೈಗೊಪ್ಪಿಸಿ ಬಂದವರೂ ಇಲ್ಲಿದ್ದೀರಿ. ಇಂದು ನಾವು ಹೇಳಹೊರಟಿರುವುದು ಬೋನಸ್ಸಿನ ಮಾತಲ್ಲ, ತೆರಿಗೆಯ ಮಾತೂ ಅಲ್ಲ, ಕಾಲಯಂತ್ರದ ಮಾತು. ನಗಬೇಡಿ. ಹೋದ ತಿಂಗಳು ನೂಲಿನ ಖಾತೆಯ ಒಬ್ಬ ತರುಣ ಇದೇ ಬೆಂಚಿನ ಮೇಲೆ ಕುಳಿತು ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಅದರಲ್ಲಿ ಒಬ್ಬಾತ, ತಾನು ಮುಂದಿನ ಕಾಲದಿಂದ ಬಂದವನೆಂದೂ, ಮಹಾಯುದ್ಧ ಹತ್ತಿರವಾಯಿತೆಂದೂ, ಬ್ಯಾಂಕುಗಳು ಮುಳುಗುವುವೆಂದೂ ಹೇಳುತ್ತಿದ್ದ. "ಮೇಷ್ಟ್ರೇ, ಪ್ರಾವಿಡೆಂಟ್ ಫಂಡಿನಿಂದ ಸಿಕ್ಕಷ್ಟು ತೆಗೆದು ಬಂಗಾರ ಕೊಂಡುಬಿಡಲೇ?" ಎಂದು ಈ ತರುಣ ಕೇಳಿದ. ಆರು ವರ್ಷದ ದುಡಿಮೆಯ ಹಣ. ಅಂದು ನಮಗೆ ತಕ್ಕ ಉತ್ತರ ಹೊಳೆಯಲಿಲ್ಲ. ನಾವು ಮೆಟ್ರಿಕ್ ಓದಿದವರು, ಭೌತಶಾಸ್ತ್ರ ಅರೆದು ಕುಡಿದವರಲ್ಲ. ಆಮೇಲೆ ಓದಿದೆವು, ಬಲ್ಲವರನ್ನು ಕೇಳಿದೆವು.

ಇದು ಹೊಸ ಸರಕಲ್ಲವೆಂದು ತಿಳಿಯಿತು. 2000ದ ಕೊನೆಯಲ್ಲಿ ಅಮೆರಿಕದಲ್ಲಿ ಜಾನ್ ಟೈಟರ್ ಎಂಬ ಹೆಸರಿನವನೊಬ್ಬ ಅಂತರ್ಜಾಲದಲ್ಲಿ ಬರೆಯತೊಡಗಿದ. ತಾನು 2036ರ ಸಿಪಾಯಿ. ಮೋಟಾರು ಗಾಡಿಯಲ್ಲಿ ಕೂರಿಸಿದ ಯಂತ್ರದಲ್ಲಿ ಬಂದಿದ್ದೇನೆ. 1975ಕ್ಕೆ ಹೋಗಿ ಐಬಿಎಂ 5100 ಎಂಬ ಕಂಪ್ಯೂಟರ್ ತರುವುದು ತನಗೆ ವಹಿಸಿದ ಕೆಲಸ, ಎಂದ. ಯಂತ್ರದ ನಕ್ಷೆಗಳನ್ನೂ ಫೋಟೋಗಳನ್ನೂ ಹಾಕಿದ. 2001ರ ಮಾರ್ಚಿನಲ್ಲಿ ಮಾಯವಾದ.

ಜನ ಏಕೆ ನಂಬಿದರು? ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕಂಪ್ಯೂಟರಿಗೆ, ತನಗಿಂತ ದೊಡ್ಡ ಯಂತ್ರಗಳಿಗಾಗಿ ಬರೆದ ಕ್ರಮವಿಧಿಯನ್ನು ನಡೆಸುವ ಒಂದು ಒಳಶಕ್ತಿ ಇತ್ತು; ಅದನ್ನು ಬಲ್ಲವರು ಕೆಲವರೇ. ಟೈಟರ್ ಅದನ್ನೇ ಎತ್ತಿ ಹೇಳಿದ, ಆ ಮಾತು ನಿಜವೆಂದು ತಿಳಿದು ಜನ ಬೆರಗಾದರು. ಧಾನ್ಯದ ವ್ಯಾಪಾರಿಗಳು ಇಲ್ಲಿದ್ದೀರಿ, ನಿಮಗೆ ಹೇಳಬೇಕಾಗಿಲ್ಲ. ಕಲಬೆರಕೆ ಮಾಡುವವನು ಬರಿಯ ಕಲ್ಲು ಮಾರುವುದಿಲ್ಲ. ಚೀಲದ ಬಾಯಲ್ಲಿ ಒಂದು ಪದರ ಒಳ್ಳೆಯ ಅಕ್ಕಿ ಹರಡಿರುತ್ತಾನೆ. ಆ ಗುಟ್ಟನ್ನು ತಿಳಿಯಲು 2036ರಿಂದ ಬರಬೇಕಾಗಿರಲಿಲ್ಲ, ಆ ಯಂತ್ರದ ಒಡನಾಟವಿದ್ದ ಯಾರಿಗಾದರೂ ಸಾಕಿತ್ತು.

ಚೀಲದ ತಳ ನೋಡೋಣ. 2004ರಿಂದ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಳ್ಳುವುದೆಂದ, ಆಗಲಿಲ್ಲ. 2004ರ ನಂತರ ಒಲಿಂಪಿಕ್ ಕ್ರೀಡೆಗಳೇ ಇರವೆಂದ. 2008ರಲ್ಲಿ ಬೀಜಿಂಗಿನಲ್ಲಿ, 2012ರಲ್ಲಿ ಲಂಡನ್ನಿನಲ್ಲಿ ನಡೆದವು. 2015ರಲ್ಲಿ ಅಣ್ವಸ್ತ್ರ ಯುದ್ಧವಾಗಿ ಸುಮಾರು 300 ಕೋಟಿ ಜನ ಸಾಯುವರೆಂದ. ಆ ವರ್ಷ ನಾವೂ ನೀವೂ ಗಿರಣಿಯ ಗೇಟಿನ ಮುಂದೆ ಚಹಾ ಕುಡಿದುಕೊಂಡೇ ಇದ್ದೆವು.

ಆದರೆ ಆತ ತಪ್ಪಿಸಿಕೊಳ್ಳುವ ದಾರಿಯನ್ನು ಮೊದಲೇ ತೆರೆದಿಟ್ಟಿದ್ದ. ತಾನು ಬಂದ ಲೋಕ ಬೇರೆ, ನಿಮ್ಮ ಲೋಕ ಬೇರೆ, ಎರಡಕ್ಕೂ ಶೇಕಡಾ ಒಂದೆರಡರಷ್ಟು ವ್ಯತ್ಯಾಸ ಉಂಟು ಎಂದಿದ್ದ. ಹೇಳಿದ್ದು ನಡೆದರೆ ತಾನು ಸರಿ, ನಡೆಯದಿದ್ದರೆ ನಮ್ಮ ಲೋಕದ ವ್ಯತ್ಯಾಸ! ತೂಕ ಕಡಿಮೆ ಬಂದಾಗ, ನಿಮ್ಮ ಮನೆಯ ತಕ್ಕಡಿಯೇ ಬೇರೆ ಎನ್ನುವ ಅಂಗಡಿಯವನಿಗೆ ನಾವು ಎರಡನೆಯ ಸಲ ಹೋಗುತ್ತೇವೆಯೆ? 2003ರಲ್ಲಿ ಆತನ ಬರಹಗಳೇ ಪುಸ್ತಕವಾಗಿ ಮಾರಾಟಕ್ಕೂ ಬಂದವು.

ಇಷ್ಟು ಕೇಳಿ, ಕಾಲದ ವಿಷಯವೆಲ್ಲ ಬುರುಡೆ ಎಂದುಕೊಂಡು ಎದ್ದು ಹೋಗಬೇಡಿ. ವಿಜ್ಞಾನಕ್ಕೆ ಅನ್ಯಾಯವಾದೀತು. 1971ರಲ್ಲಿ ಹಾಫೆಲ್, ಕೀಟಿಂಗ್ ಎಂಬ ಇಬ್ಬರು ಅಮೆರಿಕನ್ನರು ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕ ವಿಮಾನಗಳಲ್ಲಿಟ್ಟು ಭೂಮಿಯ ಸುತ್ತ ತಿರುಗಿಸಿದರು. ನೆಲದ ಮೇಲಿದ್ದ ಗಡಿಯಾರಗಳಿಗೆ ಹೋಲಿಸಿದಾಗ, ಪೂರ್ವಕ್ಕೆ ಹೋದವು ಸೆಕೆಂಡಿನ ನೂರು ಕೋಟಿಯಲ್ಲಿ ಸುಮಾರು 59 ಪಾಲು ಹಿಂದೆ ಬಿದ್ದಿದ್ದವು, ಪಶ್ಚಿಮಕ್ಕೆ ಹೋದವು ಸುಮಾರು 273 ಪಾಲು ಮುಂದಿದ್ದವು. ಐನ್‌ಸ್ಟೈನರ ಲೆಕ್ಕಕ್ಕೆ ಅದು ಹೊಂದಿತು. ಅವರು ಯುದ್ಧದ ಭವಿಷ್ಯ ನುಡಿಯಲಿಲ್ಲ. ಇಂಥ ಗಡಿಯಾರ, ಇಂಥ ವಿಮಾನ, ಇಷ್ಟು ವ್ಯತ್ಯಾಸ ಎಂದು ಬರೆದಿಟ್ಟರು. ಬೇಕಾದವರು ಅಳೆದು ನೋಡಬಹುದಿತ್ತು.

ಹಿಂದಕ್ಕೆ ಹೋಗುವುದನ್ನಂತೂ ಯಾರೂ ಮಾಡಿ ತೋರಿಸಿಲ್ಲ. ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕೇಂಬ್ರಿಜ್‌ನಲ್ಲಿ ಕಾಲಯಾತ್ರಿಕರಿಗೊಂದು ಔತಣ ಏರ್ಪಡಿಸಿದರು. ಆಮಂತ್ರಣವನ್ನು ಹೊರಗೆ ಬಿಟ್ಟದ್ದು ಔತಣ ಮುಗಿದ ಮೇಲೆ. ನಿಜವಾದ ಕಾಲಯಾತ್ರಿಕನಿದ್ದರೆ ಓದಿಕೊಂಡು ಹಿಂದಕ್ಕೆ ಬರಲಿ ಎಂದು. ಒಬ್ಬರೂ ಬರಲಿಲ್ಲ. ತಮಾಷೆಯೇ ಸರಿ, ಆದರೆ ಕೇಳಿದ ರೀತಿ ನೋಡಿ. ನಮ್ಮ ಬೆಂಗಳೂರಿನಲ್ಲೂ ಎಚ್. ನರಸಿಂಹಯ್ಯನವರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಸಮಿತಿ ರಚಿಸಿ ಕೇಳಿದ್ದು ಇಂಥದೇ: ನಮ್ಮ ಮುಂದೆ ಮಾಡಿ ತೋರಿಸಿ.

ನಮ್ಮ ತರುಣನಿಗೂ ಅದೇ ದಾರಿ ಹೇಳಿದೆವು. ಅಪ್ಪಾ, ಅವನನ್ನು ಮಹಾಯುದ್ಧದ ಸುದ್ದಿ ಕೇಳಬೇಡ. ಬರುವ ಸೋಮವಾರ ನಮ್ಮ ಪೇಟೆಯಲ್ಲಿ ಹತ್ತಿಯ ಧಾರಣೆ ಕ್ವಿಂಟಾಲಿಗೆ ಎಷ್ಟೆಂದು ಕೇಳು. ಉತ್ತರ ಬಂದರೆ ಲಕೋಟೆಯಲ್ಲಿಟ್ಟು ಅರಗು ಹಾಕಿ ವಾಚನಾಲಯದ ಕಪಾಟಿನಲ್ಲಿಡೋಣ, ಸೋಮವಾರ ಸಂಜೆ ಎಲ್ಲರೆದುರು ಒಡೆಯೋಣ. ಹುಡುಗ ಬರೆದು ಕೇಳಿದ. ಮೂರು ಸೋಮವಾರಗಳು ಕಳೆದವು. ಧಾರಣೆ ಬರಲಿಲ್ಲ, ಒಳಗಿನ ಸುದ್ದಿ ಬೇಕಿದ್ದರೆ 499 ರೂಪಾಯಿ ಕಳುಹಿಸೆಂಬ ಉತ್ತರ ಬಂತು. ಫಂಡಿನ ಅರ್ಜಿಯನ್ನು ಆತ ಇನ್ನೂ ಹರಿದಿಲ್ಲ, ತುಂಬಿಯೂ ಇಲ್ಲ. ಇಗೋ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಅವನಿಗೂ ನಿಮಗೂ ಕೇಳುವುದಿದ್ದರೆ ಈಗ ಕೇಳಿ.